ಹಲ್ಲು ಮೇಷ್ಟ್ರ ಅಚ್ಚು, ಸೂಜಿಯಕ್ಕನ ನೆರಿಗೆ

“ಅಮ್ಮಾ, ಕೆಳಗಿನ ಮನೆ ತಾತ ಮಾತಾಡುವಾಗ ನನ್ನ ಕಣ್ಣು ಯಾಕೆ ನೋಡಲ್ಲ? ಗದ್ದಾನೇ ನೋಡ್ತಾ ಇರ್ತಾರೆ.”

ಐದು ವರ್ಷದ ಮಗಳು ಇದನ್ನು ಕೇಳಿದ್ದು ಮೆಟ್ಟಿಲ ಮೇಲೆ, ಒಂದು ಚಪ್ಪಲಿ ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು. ಎರಡು ವರ್ಷದಿಂದ ಅದೇ ಮೆಟ್ಟಿಲ ಬುಡದಲ್ಲಿ ಅವರನ್ನು ಮಾತಾಡಿಸುತ್ತಿದ್ದರೂ ನನಗದು ಹೊಳೆದೇ ಇರಲಿಲ್ಲ. ಮರುದಿನ ಕದ್ದು ಗಮನಿಸಿದೆ. ಹೌದು, ಹಾಲಿನವರ ಗದ್ದ, ಅಂಚೆಯವರ ಗದ್ದ, ನನ್ನ ಗದ್ದ. ಯಾರು ಬಾಯಿ ತೆರೆದರೂ ತಾತನ ಕಣ್ಣು ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ತಡೆಯಲಾರದೆ ಕೇಳಿಯೇ ಬಿಟ್ಟೆ. ಹಳೇ ಕೆಲಸದ ಚಾಳಿ ಅಂತ ನಕ್ಕರು, ಕೂರಲು ಹೇಳಿದರು.

ಕೂತದ್ದು ಒಂದು ಮಧ್ಯಾಹ್ನವಲ್ಲ, ಏಳು ಮಧ್ಯಾಹ್ನ. ಆ ಮನೆಯ ಅಜ್ಜಿ ಎರಡು ಬೀದಿ ಆಚೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಹೋದ ಮೇಲೆ ನಾನು ಮಡಚಬೇಕಾದ ಬಟ್ಟೆಯ ಬುಟ್ಟಿ ಹೊತ್ತು ಕೆಳಗಿಳಿಯುತ್ತಿದ್ದೆ. ಹೇಳುತ್ತಾ ಹೇಳುತ್ತಾ ತಾತನಿಗೆ ಅದೆಂಥ ಹುಮ್ಮಸ್ಸು ಬರುತ್ತಿತ್ತೆಂದರೆ, ಎಪ್ಪತ್ತೊಂಬತ್ತರ ಮನುಷ್ಯ ಕುರ್ಚಿ ಬಿಟ್ಟು ಎದ್ದು, ನನ್ನ ಬುಟ್ಟಿಯಿಂದ ಮಗಳ ಲಂಗ ಎತ್ತಿ ತಲೆಗೆ ಹಾಕಿಕೊಂಡು ಪೈಲಟ್ ಆಗಿಬಿಡುತ್ತಿದ್ದರು. ಮಗಳು ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದಳು.

ಅವರು ಮೊದಲು ಹಲ್ಲು ಕಟ್ಟುವವರು. ಮಾರುಕಟ್ಟೆ ಬೀದಿಯಲ್ಲಿ ದಂತವೈದ್ಯರೊಬ್ಬರ ಕೋಣೆಯ ಹಿಂದೆ, ಕೈಚಾಚಿದರೆ ಎರಡೂ ಗೋಡೆ ಸಿಗುವಂಥ ಜಾಗದಲ್ಲಿ ಕೂತು, ಬಂದವರ ದವಡೆಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣ ತಿದ್ದಿ, ಹಲ್ಲು ಜೋಡಿಸಿ, ಅರದಿಂದ ಉಜ್ಜಿ ಕೊಡುತ್ತಿದ್ದರು. ಊರಿನ ಅರ್ಧ ಮುದುಕರು ಇವರು ಕಟ್ಟಿದ ಹಲ್ಲಿನಲ್ಲೇ ನಗುತ್ತಿದ್ದರು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ, ತಂದೆಯ ಹಲ್ಲಿನ ಸೆಟ್ಟು ಒಯ್ಯಲು ಬಂದ ಎಂಜಿನಿಯರ್ ಒಬ್ಬರು ಕಪಾಟಿನಲ್ಲಿ ಸಾಲಾಗಿ ಕೂತಿದ್ದ ಪ್ಲಾಸ್ಟರ್ ದವಡೆಗಳನ್ನು ನೋಡಿ ಅಲ್ಲೇ ನಿಂತರು. ದವಡೆ ಅಷ್ಟೇನಾ, ಇಡೀ ತಲೆ ಅಚ್ಚು ತೆಗೀತೀರಾ ಅಂತ ಕೇಳಿದರು.

“ತಲೆ ಇರೋರು ಅಲ್ಲಾಡದೆ ಕೂತ್ರೆ ತೆಗೀಬಹುದು.”

ಮೂರನೆಯ ವಾರಕ್ಕೆ ಅವರು ವಿಮಾನ ಇಳಿಯುವ ಬಯಲಿನ ಅಂಚಿನಲ್ಲಿದ್ದ ಕಾರ್ಖಾನೆಯ ನೌಕರ. ಹೆಸರು ಹಿಡಿದು ಯಾರೂ ಕರೆಯಲಿಲ್ಲ; ಬಂದ ಮೊದಲ ದಿನವೇ ಹಲ್ಲು ಮೇಷ್ಟ್ರು ಆದರು.

ತಗಡಿನ ಚಾವಣಿಯ ಉದ್ದನೆಯ ಮೂರು ಶೆಡ್ಡುಗಳು. ಒಂದರಲ್ಲಿ ರಬ್ಬರ್, ಒಂದರಲ್ಲಿ ಹೊಲಿಗೆ, ಒಂದರಲ್ಲಿ ಅಚ್ಚು. ಅಲ್ಲಿ ತಯಾರಾಗುತ್ತಿದ್ದುದು ಇಪ್ಪತ್ತು ಕಿಲೋಮೀಟರಿಗೂ ಮೇಲೆ ಹಾರುವ ಸೇನೆಯ ಪೈಲಟ್‌ಗಳಿಗೆ ಹೆಲ್ಮೆಟ್. ರಸ್ತೆಯಲ್ಲಿ ಹಾಕಿಕೊಳ್ಳುವಂಥದಲ್ಲ. ಅಷ್ಟು ಎತ್ತರದಲ್ಲಿ ಗಾಳಿ ಇದ್ದೂ ಇಲ್ಲದ ಹಾಗೆ. ಅಲ್ಲಿ ನೀರು ಕುದಿಯಲು ಬೆಂಕಿ ಬೇಡ, ಮೈಯ ಬಿಸಿಯೇ ಸಾಕು. ವಿಮಾನದ ಗಾಜು ಒಡೆದು ಒಳಗಿನ ಗಾಳಿ ಹೊರಗೆ ನುಗ್ಗಿದರೆ ಪೈಲಟ್‌ನ ನಾಲಿಗೆಯ ಮೇಲಿನ ಎಂಜಲು ಕೂಡ ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಆ ಹೊತ್ತಿನಲ್ಲಿ ನೆಲದ ಮೇಲಿನ ಗಾಳಿಯ ಒಂದು ಚೂರನ್ನು ತಲೆಯ ಸುತ್ತ ಹಿಡಿದಿಟ್ಟುಕೊಳ್ಳುವ ಡಬ್ಬಿಯೇ ಈ ಹೆಲ್ಮೆಟ್.

ಆ ಡಬ್ಬಿ ಒಂದೇ ಸಲಕ್ಕೆ ಆಗಿದ್ದಲ್ಲ. ಮೇಷ್ಟ್ರು ಬರುವ ಮೊದಲು ಮಾಡಿದ್ದು ಬಟ್ಟೆಯ ಚೀಲ. ಒಳಗೆ ರಬ್ಬರಿನ ಪದರ, ಹಿಂದೆ ಬೂಟಿಗೆ ಇರುವಂಥ ಲಾಡಿ, ಮುಂದೆ ಒಂದು ಗಾಜು. ಗಾಳಿ ತುಂಬಿದ ಕೂಡಲೇ ಚೀಲ ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಮೇಲೇಳುತ್ತಿತ್ತು. ಪೈಲಟ್‌ನ ಕಣ್ಣಿಗೆ ಆಕಾಶ ಹೋಗಿ ಅವನದೇ ಕಾಲರು ಕಾಣುತ್ತಿತ್ತು. ಹೊಲಿಗೆ ಶೆಡ್ಡಿನವರು ಎದೆಯಿಂದ ಬೆನ್ನಿಗೆ ಪಟ್ಟಿ ಎಳೆದು ಅದನ್ನು ಕೆಳಗೆ ಬಿಗಿದರು. ಆಗ ತಲೆ ನಿಂತಿತು, ಕತ್ತು ತಿರುಗಲಿಲ್ಲ. ಅದಕ್ಕೆ ಗಟ್ಟಿ ಚಿಪ್ಪು ಮಾಡಿ, ಕತ್ತಿನ ಬಳಿ ಸೈಕಲ್ ಚಕ್ರದಲ್ಲಿರುವಂಥ ಉಕ್ಕಿನ ಗುಂಡು ಹಾಕಿದ ಉಂಗುರ ಕೂರಿಸಿದರು. ಕತ್ತು ತಿರುಗಿತು, ಗಾಜು ಮಂಜಾಯಿತು. ತನ್ನ ಉಸಿರೇ ಕಣ್ಣಿಗೆ ಪರದೆ ಕಟ್ಟಿದರೆ ಪೈಲಟ್ ಏನು ನೋಡಿಯಾನು? ಗಾಜಿನೊಳಗೆ ಕೂದಲಿಗಿಂತ ತೆಳುವಾದ ತಂತಿ ಎಳೆದು ಬಿಸಿ ಮಾಡಿದರು, ಒಣ ಆಮ್ಲಜನಕವನ್ನು ಗಾಜಿನ ಮೇಲೇ ಊದುವಂತೆ ಸಣ್ಣ ತೂತುಗಳ ಕೊಳವೆ ಇಟ್ಟರು. ಆ ಆಮ್ಲಜನಕ ಹಿಂದಕ್ಕೆ ಸೋರಿ ವ್ಯರ್ಥವಾಗದಿರಲು ಮುಖವನ್ನು ಮಿಕ್ಕ ತಲೆಯಿಂದ ಬೇರ್ಪಡಿಸಬೇಕಾಯಿತು. ಹಣೆಯಿಂದ ಕೆನ್ನೆಗಿಳಿದು ಗದ್ದದ ಕೆಳಗೆ ಸುತ್ತಿ ಬರುವ ಒಂದು ರಬ್ಬರ್ ಪಟ್ಟಿ. ಅದು ಕೂದಲೆಳೆಯಷ್ಟೂ ಸಂದು ಬಿಡದೆ ಮುಖಕ್ಕೆ ಅಂಟಬೇಕು. ಒಬ್ಬೊಬ್ಬರ ಮುಖ ಒಂದೊಂದು ಥರ. ಅಚ್ಚು ಬೇಕಾದದ್ದು ಅದಕ್ಕೆ.

ಮೇಷ್ಟ್ರು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಹುಬ್ಬಿಗೆ ಎಣ್ಣೆ ಸವರಿ, ಮೂಗಿಗೆ ಎರಡು ಕೊಳವೆ ಇಟ್ಟು, ಹಲ್ಲು ಕಚ್ಚಿ ಹಿಡೀರಿ ಅಂತ ಹೇಳಿ ಮುಖದ ತುಂಬ ಪ್ಲಾಸ್ಟರ್ ಬಳಿಯುತ್ತಿದ್ದರು. ಎರಡು ವರ್ಷದಲ್ಲಿ ಮೂವತ್ತೊಂದು ತಲೆ. ಎಲ್ಲ ಶೆಡ್ಡಿನವರೂ ಅವುಗಳ ಅಂದ ನೋಡಲು ಬರುತ್ತಿದ್ದರು. ರೆಪ್ಪೆಯ ಸಾಲು, ತುಟಿಯ ಗೆರೆ, ಒಬ್ಬನ ಕೆನ್ನೆಯ ಮೊಡವೆ ಕೂಡ ಬಿಟ್ಟಿರಲಿಲ್ಲ. ತಯಾರಾದ ಪ್ರತಿ ಹೆಲ್ಮೆಟ್ಟನ್ನೂ ಅದೇ ಪ್ಲಾಸ್ಟರ್ ತಲೆಗೆ ತೊಡಿಸಿ, ಗಾಳಿ ತುಂಬಿ, ಸೋಪಿನ ನೀರು ಸವರುತ್ತಿದ್ದರು. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ.

ಆದರೆ ಮನುಷ್ಯನ ತಲೆಯ ಮೇಲೆ ಅದು ಸೋರಿತು.

ಬಯಲಿನ ಆಚೆ ಬದಿಯಲ್ಲಿ ಒಂದು ಕಬ್ಬಿಣದ ಕೋಣೆಯಿತ್ತು, ಅಂಗೈಯಗಲದ ದಪ್ಪ ಗಾಜಿನ ಕಿಟಕಿಯದು. ಪೈಲಟ್‌ನನ್ನು ಒಳಗೆ ಕೂರಿಸಿ ಗಾಳಿಯನ್ನೆಲ್ಲ ಹೀರಿ ತೆಗೆದರೆ ನೆಲದ ಮೇಲೇ ಇಪ್ಪತ್ತು ಕಿಲೋಮೀಟರ್ ಎತ್ತರ ಸಿದ್ಧ. ಪಕ್ಕದಲ್ಲಿ ಮೈಯಷ್ಟೇ ಬಿಸಿಯ ಒಂದು ಲೋಟ ನೀರು ಇಡುತ್ತಿದ್ದರು; ಅದು ಬೆಂಕಿಯಿಲ್ಲದೆ ಕುದಿಯತೊಡಗಿದರೆ ಎತ್ತರ ಮುಟ್ಟಿತು ಎಂದು ಲೆಕ್ಕ. ಪರೀಕ್ಷೆಗೆ ಕೂರುತ್ತಿದ್ದ ಪೈಲಟ್ ಉದ್ದ ಕತ್ತಿನ ತಮಾಷೆಯ ಮನುಷ್ಯ. ಅವನನ್ನು ಎಲ್ಲರೂ ಜಿರಾಫೆ ಎನ್ನುತ್ತಿದ್ದರು. ಅವನು ಮೇಲೆ ಹೋಗುತ್ತಾ ಎಚ್ಚರವಿದ್ದೇನೆ ಎಂದು ತೋರಿಸಲು ಒಂದರಿಂದ ಹತ್ತರವರೆಗೆ ಮತ್ತೆ ಮತ್ತೆ ಜೋರಾಗಿ ಎಣಿಸಬೇಕು. ಅವನು ಎಣಿಸುತ್ತಿದ್ದಂತೆ ಹೊರಗಿನ ಗಡಿಯಾರದಂಥ ಅಳತೆಯಲ್ಲಿ ಆಮ್ಲಜನಕದ ಮುಳ್ಳು ತಟಕ್ಕನೆ ಹಾರುತ್ತಿತ್ತು. ಹಾಗೆ ಸೋರಿದರೆ ನಾಲ್ಕು ಗಂಟೆಗೆ ತುಂಬಿಸಿದ ಸಿಲಿಂಡರು ಎರಡೂವರೆ ಗಂಟೆಗೇ ಖಾಲಿ. ಆಗ ಪೈಲಟ್ ಇನ್ನೂ ಮೇಲೇ ಇರುತ್ತಾನೆ.

ಪ್ಲಾಸ್ಟರ್ ಮೇಲೆ ಸೋರದ್ದು ಮನುಷ್ಯನ ಮೇಲೆ ಸೋರಿದರೆ ತಪ್ಪು ಯಾರದು? ರಬ್ಬರ್ ಪಟ್ಟಿಯನ್ನು ಚಿಪ್ಪಿನ ಒಳಗಿನ ಬಟ್ಟೆಗೆ ಹೊಲಿದು, ಸೂಜಿಯ ತೂತುಗಳ ಮೇಲೆ ಅಂಟು ಪಟ್ಟಿ ಹಚ್ಚುತ್ತಿದ್ದರು. ಮೈಯ ಬಿಸಿಗೆ ಆ ಹೊಲಿಗೆಯೇ ಬಿಡುತ್ತಿದೆ ಎಂದು ಕಾರ್ಖಾನೆಯ ಮುಖ್ಯಸ್ಥರು ತೀರ್ಮಾನಿಸಿದರು. ಅವರನ್ನು ದೊಡ್ಡವರು ಎನ್ನುತ್ತಿದ್ದರು. ಎತ್ತರ ಐದಡಿಗೆ ಒಂದಿಂಚು ಕಮ್ಮಿ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಹೊಲಿಗೆ ಶೆಡ್ಡನ್ನು ನಡೆಸುತ್ತಿದ್ದವಳು ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಅವಳಿಗಿಂತ ವಯಸ್ಸಾದವರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಒಂದು ಇಂಚಿಗೆ ಇಪ್ಪತ್ತೆರಡು ಹೊಲಿಗೆ ಹಾಕಿದರೆ ಇಪ್ಪತ್ತೆರಡೇ. ಎಣಿಸಿ ಸೋತವರು ಬಹಳ ಮಂದಿ. ಅವಳು ಆ ಪಟ್ಟಿಯನ್ನು ಬಿಚ್ಚಿ ಹೊಸದಾಗಿ ಹೊಲಿದಳು. ಸೋರಿತು. ಮತ್ತೆ ಬಿಚ್ಚಿದಳು. ಸೋರಿತು. ನಾಲ್ಕನೆಯ ಪರೀಕ್ಷೆಯೂ ಕೆಟ್ಟಾಗ ದೊಡ್ಡವರು ಅವಳನ್ನು ಹೆಲ್ಮೆಟ್ಟಿನ ಮೇಜಿನಿಂದ ಎಬ್ಬಿಸಿ ಮೂಲೆಯಲ್ಲಿ ದಾರ ಕತ್ತರಿಸಲು ಕೂರಿಸಿದರು. ಇನ್ನು ಒಂದೇ ಪರೀಕ್ಷೆ, ಒಂಬತ್ತು ದಿನದಲ್ಲಿ. ಅದೂ ಸೋರಿದರೆ ಹೆಲ್ಮೆಟ್ಟು ಹೊರಗಿನಿಂದ ತರಿಸುವುದು, ಹೊಲಿಗೆ ಶೆಡ್ಡು ಮುಚ್ಚುವುದು, ಅಲ್ಲಿಯ ಹನ್ನೆರಡು ಜನ ಹೆಂಗಸರೂ ಮನೆಗೆ.

ಆ ನಾಲ್ಕನೆಯ ಪರೀಕ್ಷೆಯ ದಿನ ಎಲ್ಲರೂ ಮುಳ್ಳು ನೋಡುತ್ತಿದ್ದರು. ಮುಳ್ಳು ಓದಲು ಬಾರದ ಮೇಷ್ಟ್ರು ಮಾತ್ರ ಕಿಟಕಿಗೆ ಮೂಗು ಒತ್ತಿ, ಹಲ್ಲು ಕಟ್ಟುವವನ ಚಾಳಿಯಂತೆ, ಜಿರಾಫೆಯ ಬಾಯಿ ನೋಡುತ್ತಿದ್ದರು. ಒಂದು, ಎರಡು, ಮೂರು: ಬೆನ್ನ ಹಿಂದೆ ಎಲ್ಲರೂ ಸುಮ್ಮನೆ. ನಾಲ್ಕು: ಅಯ್ಯೋ ಎಂಬ ಉದ್ಗಾರ. ಐದು: ಸುಮ್ಮನೆ. ಆರು: ಮತ್ತೆ ಅಯ್ಯೋ. ಎರಡನೆಯ ಸುತ್ತಿನಲ್ಲೂ ಅಷ್ಟೇ. ಬಾಯಿ ಅಗಲವಾಗಿ ತೆರೆಯುವ ‘ನಾ’ ಬಂದಾಗ, ‘ಆ’ ಬಂದಾಗ.

ಮೇಷ್ಟ್ರ ಕೈ ತಂತಾನೇ ತಮ್ಮ ಗದ್ದಕ್ಕೆ ಹೋಯಿತು.

ಹಲ್ಲಿನ ಸೆಟ್ಟಿಗೆ ಬೇಕಾದದ್ದು ಕಚ್ಚಿ ಹಿಡಿದ ಬಾಯಿ. ಮೇಲಿನ ದವಡೆ ಕೆಳಗಿನದರ ಮೇಲೆ ಹೇಗೆ ಕೂರುತ್ತದೆ ಎಂಬುದೇ ಅಲ್ಲಿ ಎಲ್ಲ. ಹತ್ತು ವರ್ಷ ಅದನ್ನೇ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತನ್ನು ಮೂವತ್ತೊಂದು ಪೈಲಟ್‌ಗಳಿಗೂ ಹೇಳಿದ್ದರು. ಅಚ್ಚಿನಲ್ಲಿದ್ದ ಮೂವತ್ತೊಂದು ಬಾಯಿಯೂ ಬೀಗ ಹಾಕಿದ್ದು. ಆದರೆ ಪೈಲಟ್ ಮಾತಾಡುತ್ತಾನೆ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, ಗದ್ದದ ಕೆಳಗೆ ಬೆರಳಿಟ್ಟು ‘ಆ’ ಎಂದರು. ಗದ್ದ ಒಂದು ಬೆರಳು ಕೆಳಗಿಳಿಯಿತು, ಕೆನ್ನೆ ಒಳಕ್ಕೆ ಹೋಯಿತು. ಆ ಸಂದಿನಲ್ಲಿ ಆಮ್ಲಜನಕವೇನು, ಇರುವೆ ಸಾಲೇ ಹೋಗಬಹುದು.

ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಮ್ಮೆ ಖಚಿತ ಮಾಡಿಕೊಳ್ಳೋಣ ಎಂದುಕೊಂಡರು. ನಿಜವೆಂದರೆ ಖಚಿತ ಮಾಡಿಕೊಳ್ಳಲು ಏನೂ ಉಳಿದಿರಲಿಲ್ಲ. ಇಡೀ ಕಾರ್ಖಾನೆ ಮೆಚ್ಚಿದ ಮೂವತ್ತೊಂದು ತಲೆ ತಾನೇ ಒಡೆಯಬೇಕಲ್ಲ ಎಂಬ ಸಂಕಟ, ಮತ್ತೆ ಆ ಕಿರುಕೋಣೆಗೆ ಹಲ್ಲು ಉಜ್ಜಲು ಹೋಗಬೇಕೇನೋ ಎಂಬ ಹೆದರಿಕೆ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು.

ಮೂರನೆಯ ದಿನ ಬೆಳಿಗ್ಗೆ ಹೊಲಿಗೆ ಶೆಡ್ಡಿನ ಮುಂದೆ ಹಾದು ಹೋಗುವಾಗ ಕಂಡರು. ಸೂಜಿಯಕ್ಕ ದಾರ ಕತ್ತರಿಸುತ್ತಿರಲಿಲ್ಲ. ತನ್ನದೇ ಹಳೆಯ ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚುತ್ತಾ, ಇಲ್ಲದ ತೂತನ್ನು ಹುಡುಕುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಮೇಷ್ಟ್ರ ಕಾಲು ಅಚ್ಚಿನ ಶೆಡ್ಡಿಗೆ ಹೋಗದೆ ನೆಟ್ಟಗೆ ದೊಡ್ಡವರ ಮೇಜಿಗೆ ಹೋಯಿತು. ದಾರಿಯಲ್ಲಿ ಅವಳನ್ನೂ ಕರೆದರು.

“ಹೊಲಿಗೆಯಲ್ಲಿ ಏನೂ ಇಲ್ಲ ಸಾರ್. ಅಚ್ಚು ತಪ್ಪು. ನಂದು. ಎಲ್ಲರ ಬಾಯೂ ಮುಚ್ಚಿಸಿ ಅಚ್ಚು ತೆಗ್ದಿದ್ದೀನಿ.”

ದೊಡ್ಡವರು ಕನ್ನಡಕ ತೆಗೆದರು. ಇದು ಯಾವಾಗ ಗೊತ್ತಾಯ್ತು ಅಂತ ಕೇಳಿದರು.

“ಈಗ. ಈಗಷ್ಟೇ ಹೊಳೀತು.”

ಆ ಸುಳ್ಳು ಬಾಯಿಂದ ಬಿದ್ದಾಗ ಅವಳು ಒಂದು ಮೊಳ ದೂರದಲ್ಲಿ ನಿಂತಿದ್ದಳು. ಬೈಗುಳ ಬೇಕಾದಷ್ಟು ಬಿತ್ತು. ದೊಡ್ಡವರು ಮೇಲೆ ಕೆಳಗೆ ಹಾರಾಡಿದರು. ಹಾರಾಡಿ ಸುಸ್ತಾದ ಮೇಲೆ ಆರು ದಿನ ಇದೆ, ಮುಖ ತೋರಿಸಬೇಡಿ, ಕೆಲಸ ತೋರಿಸಿ ಎಂದು ಇಬ್ಬರನ್ನೂ ಹೊರಗಟ್ಟಿದರು. ಸೂಜಿಯಕ್ಕ ಸಿಟ್ಟೂ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾಗಿಲು ದಾಟಿದ ಕೂಡಲೇ ಸೊಂಟದ ಅಳತೆ ಪಟ್ಟಿ ತೆಗೆದು, “ಎಲ್ಲಿ, ‘ಆ’ ಅನ್ನಿ” ಎಂದಳು.

ಅಲ್ಲಿಂದ ಮುಂದಿನ ಆರು ದಿನವನ್ನು ಹೇಳುವಾಗ ತಾತ ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ಜಿರಾಫೆಯನ್ನು ಕರೆಸಿ, ಹಲ್ಲಿನ ನಡುವೆ ಮೇಣದ ತುಂಡು ಇಟ್ಟು, ಬಾಯಿ ತೆರೆದ ಹೊಸ ಅಚ್ಚು ತೆಗೆದರು. ಅದು ಒಣಗಲು ಎರಡು ದಿನ. ಅಷ್ಟರವರೆಗೆ ಕಾಯುವ ಹಾಗಿರಲಿಲ್ಲ. ಅದಕ್ಕೆ ಮೇಷ್ಟ್ರ ಮುಖವೇ ಸೂಜಿಯಕ್ಕನ ಮೇಜು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ‘ಆ’ ಅನ್ನುವುದು, ಅವಳು ಕೆನ್ನೆಗೆ ಸೀಮೆಸುಣ್ಣದ ಗೆರೆ ಎಳೆಯುವುದು. ಆಕಳಿಸಿ ಅಂದಳು. ಸೀನಿ ಅಂದಳು. ಬರದಿದ್ದಾಗ ಮೂಗಿಗೆ ದಾರದ ತುದಿ ಹಾಕಿದಳು. ಹೊಲಿಗೆ ಶೆಡ್ಡಿನ ಹೆಂಗಸರು ಸುತ್ತ ನಿಂತು, ನಮ್ಮಕ್ಕನ ಎದುರು ಹೀಗೆ ಬಾಯಿ ಬಿಟ್ಟುಕೊಂಡು ಕೂತವರು ನೀವೇ ಮೊದಲು ಅಂತ ಕಿಚಾಯಿಸಿದರು. ಮೇಷ್ಟ್ರು ಅದಕ್ಕೂ ‘ಆ’ ಎಂದೇ ಉತ್ತರ ಕೊಟ್ಟರು.

ಸಮಸ್ಯೆ ಸುಲಭದ್ದಲ್ಲ. ತೆರೆದ ಬಾಯಿಗೆ ಪಟ್ಟಿ ಹೊಲಿದರೆ ಬಾಯಿ ಮುಚ್ಚಿದಾಗ ಅದು ಗದ್ದದ ಕೆಳಗೆ ಗುಪ್ಪೆಯಾಗಿ ಗಂಟಲು ಒತ್ತುತ್ತಿತ್ತು. ಮುಚ್ಚಿದ ಬಾಯಿಗೆ ಹೊಲಿದರೆ ಮತ್ತೆ ಸೋರಿಕೆ. ಮೂರನೆಯ ದಿನ ಸೂಜಿಯಕ್ಕ ಮೇಷ್ಟ್ರ ಗದ್ದವನ್ನೇ ನೋಡುತ್ತಾ ಕೂತವಳು ಇದ್ದಕ್ಕಿದ್ದಂತೆ ಎದ್ದಳು. ಬೆಳೆಯುವ ಮಗುವಿನ ಅಂಗಿಯ ತೋಳಿಗೆ ಒಳಮಡಿಕೆ ಬಿಡುವುದಿಲ್ಲವೇ, ಹಾಗೆ. ಪಟ್ಟಿ ಗದ್ದದ ಕೆಳಗೆ ಬರುವ ಕಡೆ ಮೂರು ಸಣ್ಣ ನೆರಿಗೆ. ಬಾಯಿ ತೆರೆದರೆ ನೆರಿಗೆ ಬಿಚ್ಚಿ ಗದ್ದದ ಜೊತೆ ಇಳಿಯಬೇಕು, ಮುಚ್ಚಿದರೆ ಮಡಚಿ ಮೇಲೇರಬೇಕು, ಅಂಚು ಮಾತ್ರ ಚರ್ಮ ಬಿಡಕೂಡದು. ಎಷ್ಟು ಆಳದ ನೆರಿಗೆ? ಅದಕ್ಕೆ ಎರಡು ತಲೆ ಬೇಕು: ಬಾಯಿ ಮುಚ್ಚಿದ್ದು ಒಂದು, ತೆರೆದದ್ದು ಒಂದು. ಮೇಷ್ಟ್ರು ಎರಡನ್ನೂ ಅಕ್ಕಪಕ್ಕ ಇಟ್ಟರು. ಅವಳು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹೆಲ್ಮೆಟ್ಟು ತೊಡಿಸಿ ತೊಡಿಸಿ ನೆರಿಗೆ ಬಿಗಿದಳು, ಸಡಿಲಿಸಿದಳು. ಆರನೆಯ ದಿನ ಮಧ್ಯಾಹ್ನ ಎರಡು ತಲೆಯ ಮೇಲೂ ಸೋಪಿನ ನೀರು ಸುಮ್ಮನಾಯಿತು.

ಮರುದಿನ ಕಬ್ಬಿಣದ ಕೋಣೆಯ ಮುಂದೆ ಮೂರೂ ಶೆಡ್ಡಿನವರು. ದೊಡ್ಡವರು ಸ್ಟೂಲಿನ ಮೇಲೆ. ಪಂಪು ಗುರುಗುಟ್ಟಿತು. ಹತ್ತು ಕಿಲೋಮೀಟರ್. ಹದಿನೈದು. ಜಿರಾಫೆಯ ಅಂಗಿ ಉಬ್ಬಿತು. ಹತ್ತೊಂಬತ್ತು ದಾಟುತ್ತಿದ್ದಂತೆ ಲೋಟದ ತಳದಲ್ಲಿ ಒಂದು ಗುಳ್ಳೆ, ಆಮೇಲೆ ನಾಲ್ಕು, ಆಮೇಲೆ ಲೋಟವೇ ಮೊರೆಯತೊಡಗಿತು. ಎಣಿಕೆ ಶುರುವಾಯಿತು. ಈ ಸಲ ಸೂಜಿಯಕ್ಕ ಮುಳ್ಳಿಗೆ ಬೆನ್ನು ತಿರುಗಿಸಿ ನಿಂತಿದ್ದಳು. ನಾಲ್ಕು ಬಂತು. ಅಯ್ಯೋ ಕೇಳಲಿಲ್ಲ. ಆರು ಬಂತು. ಮುಳ್ಳು ಅಲ್ಲಾಡಲಿಲ್ಲ. ಎರಡನೆಯ ಸುತ್ತಿನಲ್ಲೂ ಇಲ್ಲ. ಜಿರಾಫೆಗೆ ಹೊರಗಿನವರ ಮುಖ ಕಾಣುತ್ತಿತ್ತು; ಹುರುಪೆದ್ದು ಏಳಕ್ಕೆ ಹೋಗದೆ ಆರು, ಆರು, ಆರು ಎಂದೇ ಹಾಡತೊಡಗಿದ. ನಡುವೆ, ಯಾರೂ ಹೇಳದೆ, ನಿಜವಾಗಿಯೇ ಒಂದು ಆಕಳಿಕೆ ಬಂದುಬಿಟ್ಟಿತು. ಕಿಟಕಿಯ ಆಚೆ ಅವನ ಗದ್ದ ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಮೇಷ್ಟ್ರು ಕಿಟಕಿಗೆ ಮೂಗು ಒತ್ತಿದರು. ಮೂರೂ ನೆರಿಗೆ ಒಂದರ ಹಿಂದೊಂದು ಬಿಚ್ಚಿ, ಆಕಳಿಕೆ ಮುಗಿದ ಮೇಲೆ ಒಂದರ ಹಿಂದೊಂದು ಮಡಚಿಕೊಂಡವು. ಮುಳ್ಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು.

ಸ್ಪೀಕರಿನಿಂದ ಜಿರಾಫೆಯ ದನಿ ಬಂತು. “ಇಲ್ಲಿ ನೀರು ಕುದೀತಿದೆ. ಯಾರಿಗಾದ್ರೂ ಏನಾದ್ರೂ ಬೇಯಿಸ್ಕೋಬೇಕಿದ್ರೆ ಈಗ್ಲೇ ಹೇಳಿ.”

ದೊಡ್ಡವರು ಸ್ಟೂಲಿನಿಂದ ಇಳಿದು ಸೂಜಿಯಕ್ಕನ ಮುಂದೆ ನಿಂತು, ತಲೆಯೆತ್ತಿ ಅವಳನ್ನು ನೋಡಿ, ನಿಮ್ಮ ಮೇಜು ಖಾಲಿ ಇದೆ ಅಷ್ಟೇ ಎಂದು ಹೇಳಿ ಹೊರಟುಹೋದರು. ಮಿಕ್ಕ ಮೂವತ್ತು ಪೈಲಟ್‌ಗಳಿಗೂ ಬಾಯಿ ತೆರೆದ ಎರಡನೆಯ ಅಚ್ಚು ತೆಗೆಯಲು ಒಂದು ವರ್ಷ ಹಿಡಿಯಿತು. ಆ ವರ್ಷದ ಕೊನೆಗೆ ಮೇಷ್ಟ್ರೂ ಸೂಜಿಯಕ್ಕನೂ ಮದುವೆಯಾದರು.

ಏಳನೆಯ ಮಧ್ಯಾಹ್ನ ಇಲ್ಲಿಗೆ ಬಂದು ತಾತ ಕಥೆ ನಿಲ್ಲಿಸಿ ಒಂದು ಕಾಗದ ಬಿಡಿಸಿದರು. ಕಾರ್ಖಾನೆಯಿಂದ ಬಂದದ್ದು. ಬಟ್ಟೆಯ ಚೀಲದಿಂದ ಇವತ್ತಿನ ಹೆಲ್ಮೆಟ್ಟಿನವರೆಗೆ ಎಲ್ಲವನ್ನೂ ಸಾಲಾಗಿ ಇಟ್ಟು ಒಂದು ಕೋಣೆ ತೆರೆಯುತ್ತಾರಂತೆ, ಬರುವ ವಾರ. ಮೂರು ನೆರಿಗೆಯ ಪಟ್ಟಿ ಹೇಗೆ ಹುಟ್ಟಿತು ಎಂದು ತಾತ ಹತ್ತು ನಿಮಿಷ ಹೇಳಬೇಕು. ಅಜ್ಜಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಕಾಗದ ಬಂದಾಗಿನಿಂದ ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು, ನನಗೂ ಹೇಳಿದ್ದರು. ತಪ್ಪು ತಮ್ಮದು ಅಂತ ತಿಳಿದ ಗಳಿಗೆಯಲ್ಲೇ ಓಡಿ ಬಂದು ಒಪ್ಪಿಕೊಂಡ್ರಮ್ಮ, ಅದಕ್ಕೇ ನಾನು ಇವರನ್ನ ಒಪ್ಪಿದ್ದು ಅಂತ.

“ನಲವತ್ತೊಂಬತ್ತು ವರ್ಷದಿಂದ ಹಂಗೇ ಹೇಳ್ತಾಳೆ,” ಅಂದರು ತಾತ. “ಯಾರಿಗೆ ಹೇಳೋವಾಗ್ಲೂ ನಾನು ಅಲ್ಲೇ ಇರ್ತೀನಿ. ಎರಡು ದಿನ ಬಾಯಿ ಮುಚ್ಕೊಂಡಿದ್ದೆ ಅಂತ ಒಂದ್ಸಲಾನೂ ಹೇಳೋಕಾಗ್ಲಿಲ್ಲ. ಆ ಎರಡು ದಿನ ಅವಳು ಅಳ್ತಾ ಹೊಲಿಗೆ ಬಿಚ್ತಿದ್ಳು. ಅಲ್ಲಿ ಅಷ್ಟು ಜನರ ಮುಂದೆ ನಿಂತು ಮತ್ತೆ ಅದೇ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲಮ್ಮ. ನಿಜ ಹೇಳ್ಬೇಕು. ಹೇಳ್ಬೇಕಂದ್ರೆ ಮೊದ್ಲು ಅವಳಿಗೆ ಹೇಳ್ಬೇಕು.”

ಯಾವಾಗ ಹೇಳ್ತೀರಿ ಅಂತ ಕೇಳಿದೆ. ಅವರ ಕಣ್ಣು ಮೊದಲ ಬಾರಿಗೆ ನನ್ನ ಗದ್ದ ಬಿಟ್ಟು ಮೇಲೆ ಬಂತು.

“ಇವತ್ತೇ. ಆರು ಗಂಟೆಗೆ ಬರ್ತಾಳೆ. ನೀನು ಒಂದು ಉಪಕಾರ ಮಾಡ್ಬೇಕು. ಮಗೂನ ಕರ್ಕೊಂಡು ಬಂದು ಇಲ್ಲೇ ಕೂತಿರು. ಮಗು ಮುಂದೆ ಅವಳು ಜೋರಾಗಿ ಬೈಯಲ್ಲ.”